ಪುಣ್ಯ ಬೇಡವೆಂದ ಖೈರೂನಮ್ಮ

ಒಳ್ಳೆಯ ಮನಸ್ಸಿನವರನ್ನು ಕಂಡರೆ ಖೈರೂನಮ್ಮನಿಗೆ ಆಗುತ್ತಿರಲಿಲ್ಲ. ಕೂಡ್ಲಿಗಿಯಲ್ಲಿ ಅವರು ನಡೆಸುತ್ತಿದ್ದ ತರಬೇತಿಗೆ ಸೇರಲು ಬಂದ ಹೆಂಗಸರನ್ನು ಬಾಗಿಲಲ್ಲೇ ನಿಲ್ಲಿಸಿ, "ಯಾಕ ಬಂದೀಯವ್ವ?" ಎಂದು ಕೇಳುತ್ತಿದ್ದರು. ಯಾರಾದರೂ ಕೈಮುಗಿದು, "ವಯಸ್ಸಾದೋರ ಸೇವಾ ಮಾಡಿದ್ರ ಪುಣ್ಯ ಬರತೈತಲ್ರಿ ಅಮ್ಮಾರ" ಎಂದರೋ, ಮುಗಿಯಿತು ಕಥೆ. "ಪುಣ್ಯ ಬೇಕಂದ್ರ ಗುಡಿಗಿ ಹೋಗು. ಇಲ್ಲಿ ಕೆಲಸ ಕಲಸ್ತೀವಿ. ಪುಣ್ಯ ಮಾಡಾಕ ಬಂದೋರು ಹಾಸಿಗಿ ಹಿಡದೋರ ಮ್ಯಾಲೆ ಋಣ ಹೊರಸಿ ಹೋಗ್ತಾರ. ಕೆಲಸ ಮಾಡೋರು ಕೆಲಸ ಮಾಡಿ ಹೋಗ್ತಾರ."

ನಾನೂ ಅಂಥ ಪುಣ್ಯವಂತೆಯೇ. ಹೊಸಹಳ್ಳಿಯ ಕಡೆಯವಳು. ಗಂಡ ತೀರಿಕೊಂಡ ಮೇಲೆ ಹಾಸಿಗೆ ಹಿಡಿದಿದ್ದ ಅತ್ತೆಯನ್ನು ಕೊನೆಯವರೆಗೂ ನೋಡಿಕೊಂಡಿದ್ದೆ. ಅತ್ತೆಯೂ ಹೋದ ಮೇಲೆ ಅಣ್ಣನ ಮನೆ ಸೇರಿದೆ. ಅಣ್ಣ ಏನೂ ಅನ್ನುತ್ತಿರಲಿಲ್ಲ, ಅತ್ತಿಗೆಯೂ ಏನೂ ಅನ್ನುತ್ತಿರಲಿಲ್ಲ. ಯಾರೂ ಏನೂ ಅನ್ನದ ಮನೆಯಲ್ಲಿ ಎರಡನೇ ರೊಟ್ಟಿಗೆ ಕೈಚಾಚುವುದು ಎಷ್ಟು ಕಷ್ಟ ಎಂಬುದು ಹಾಗೆ ಇದ್ದವರಿಗೇ ಗೊತ್ತು. ಹಾಸಿಗೆ ಹಿಡಿದವರನ್ನು ಮನೆಗೇ ಹೋಗಿ ನೋಡಿಕೊಳ್ಳುವ ಕೆಲಸವನ್ನು ಕೂಡ್ಲಿಗಿಯ ಒಂದು ಮಹಿಳಾ ಸಂಘ ಕಲಿಸುತ್ತದೆ, ಕಲಿತವರನ್ನು ಮನೆಗಳಿಗೆ ಕಳಿಸುತ್ತದೆ ಎಂದು ಕೇಳಿದಾಗ ಇದು ನನಗಾಗಿಯೇ ಹುಟ್ಟಿದ ಕೆಲಸ ಅನ್ನಿಸಿತು. ಅತ್ತೆಯನ್ನು ನೋಡಿಕೊಂಡವಳಿಗೆ ಇನ್ನು ಕಲಿಯುವುದೇನಿದೆ, ನಾಲ್ಕು ದಿನ ಕೂತು ಎದ್ದರೆ ಕಳಿಸುತ್ತಾರೆ ಎಂದುಕೊಂಡಿದ್ದೆ.

ಅದು ತೊಂಬತ್ತರ ದಶಕದ ಕೊನೆಯ ಮಾತು. ಬಸ್ ಸ್ಟ್ಯಾಂಡಿನ ಹಿಂದೆ ತಗಡಿನ ಛಾವಣಿಯ ಒಂದು ಉದ್ದನೆಯ ಕೋಣೆ, ಅದರೊಳಗೆ ನಾಲ್ಕಾರು ಕಬ್ಬಿಣದ ಮಂಚ. ರೋಗಿಗಳು ಯಾರೂ ಇರಲಿಲ್ಲ. ನಾವೇ ಒಬ್ಬರಾದ ಮೇಲೆ ಒಬ್ಬರು ಮಲಗಿ ರೋಗಿಗಳಾಗುತ್ತಿದ್ದೆವು. ಊರಿನವರಿಗೆ ಇದು ದೊಡ್ಡ ತಮಾಷೆ. "ಮುದುಕರ ಉಚ್ಚಿ ಬಳಿಯಾಕ ಟ್ರೇನಿಂಗ್ ಅಂತಲೇ!" ಎಂದು ಚಹಾದಂಗಡಿಯಲ್ಲಿ ಯಾರೋ ನಕ್ಕಿದ್ದು ಖೈರೂನಮ್ಮನ ಕಿವಿಗೆ ಬಿತ್ತು. ಅವರು ನಡೆಯುತ್ತಿದ್ದವರು ನಿಂತರು. ಅಂಗಡಿಯವನ ಕಡೆ ತಿರುಗಿ, "ಬಸಣ್ಣ, ಈ ಚಾ ಕಾಸೋದನ್ನ ನೀ ಹುಟ್ಟತಲೇ ಕಲ್ತು ಬಂದಿದ್ದೇನು?" ಎಂದರು. "ಇಲ್ಲಮ್ಮ, ನಮ್ಮ ಮಾವನ ಹತ್ರ ಕಲ್ತೆ" ಎಂದ ಅವನು. "ನೋಡು ಮತ್ತ. ಚಾ ಕೆಟ್ರ ಚೆಲ್ಲತೀ. ನಾಳೆ ಈ ನಕ್ಕಾಂವ ಬಿದ್ದಾಗ ಇವನ್ನ ಎತ್ತೋರು ತಪ್ಪು ಎತ್ತಿದ್ರ ಇವನ್ನ ಎಲ್ಲಿ ಚೆಲ್ಲೋಣ?" ನಕ್ಕವನು ಗ್ಲಾಸಿನೊಳಗೆ ಮುಖ ಹುದುಗಿಸಿದ.

ಖೈರೂನಮ್ಮ ಎತ್ತರದ, ಸೊರಗಿದ ಹೆಂಗಸು. ತಲೆಯ ಮೇಲಿನ ಸೆರಗು ಎಷ್ಟು ಬಗ್ಗಿ ಎದ್ದರೂ ಜಾರುತ್ತಿರಲಿಲ್ಲ. ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಆಯಾ ಆಗಿ ದುಡಿದು, ಗಂಡನ ಊರಾದ ಕೂಡ್ಲಿಗಿಗೆ ಮರಳಿದ್ದರು. ಗಂಡ ಲಾರಿ ರಿಪೇರಿಯವನಾಗಿದ್ದನಂತೆ, ಆತ ಇರುವಾಗಿನ ಮಾತು ಅವರು ಆಡಿದ್ದು ಕಡಿಮೆ. ಬೆಳಿಗ್ಗೆ ಮೊದಲು ನಮ್ಮ ಉಗುರು ನೋಡುತ್ತಿದ್ದರು, ಆಮೇಲೆ ಕೈ. ಗಾಜಿನ ಬಳೆ ವಯಸ್ಸಾದವರ ತೆಳು ಚರ್ಮಕ್ಕೆ ತಾಕಿದರೆ ಗೀರು ಬೀಳುತ್ತದೆ. ಆದರೆ ಬಳೆ ಬಿಚ್ಚಿ ಎಂದು ಅವರು ಒಮ್ಮೆಯೂ ಹೇಳಿದವರಲ್ಲ. "ಮುತ್ತೈದಿ ಬಳಿ ಅಂದ್ರೇನಂತ ನನಗೂ ಗೊತ್ತೈತಿ" ಎಂದು ಹಳೆಯ ಮೆತ್ತನೆ ಸೀರೆಯ ಪಟ್ಟಿಗಳನ್ನು ಹರಿದು ಒಬ್ಬೊಬ್ಬರ ಬಳೆಗಳ ಮೇಲೆ ಸುತ್ತಿ ಕಟ್ಟುತ್ತಿದ್ದರು. ಮೊದಲ ದಿನ ನನ್ನ ಸರದಿ ಬಂದಾಗ ನಾನು ಬೋಳು ಕೈಗಳನ್ನು ಹಿಂದೆ ಮಾಡಿಕೊಂಡೆ. ಅವರು ಎಳೆದುಕೊಂಡು ಅವಕ್ಕೂ ಪಟ್ಟಿ ಕಟ್ಟಿದರು. ಸಾಲಿನಲ್ಲಿ ನಿಂತಾಗ ಎಲ್ಲರ ಕೈಯೂ ಒಂದೇ ಥರ ಕಾಣುತ್ತಿತ್ತು. ಆ ಹೊತ್ತಿಗೆ ನನಗೆ ಅವರ ಮೇಲೆ ಹುಟ್ಟಿದ ಪ್ರೀತಿ ಆಮೇಲೆ ಅವರು ಎಷ್ಟು ಬೈದರೂ ಕಮ್ಮಿಯಾಗಲಿಲ್ಲ.

ಬೈದದ್ದು ಮಾತ್ರ ಸಿಕ್ಕಾಪಟ್ಟೆ. ಒಂದು ದಿನ ಅಂಬಲಿ ಕುಡಿಸುವ ಪಾಠ. ಮಂಚದ ಮೇಲೆ ಮಲಗಿದ್ದ ಹುಲಿಗೆಮ್ಮನಿಗೆ ನಾನು ನಿಂತುಕೊಂಡೇ ಚಕಚಕನೆ ಚಮಚ ಕೊಟ್ಟು, "ಆ ಅನ್ನವ್ವ, ಜಾಣಿ, ಇನ್ನೊಂದು" ಎಂದು ಬಟ್ಟಲು ಖಾಲಿ ಮಾಡಿಸಿ ಬಾಯಿ ಒರೆಸಿಬಿಟ್ಟೆ. ಹೊಗಳುತ್ತಾರೆಂದು ಖೈರೂನಮ್ಮನ ಕಡೆ ನೋಡಿದರೆ, "ಈಗ ನೀ ಮಲಕ್ಕೋ" ಎಂದರು. ಕೈಗಳನ್ನು ಬೆನ್ನ ಕೆಳಗೆ ಇಟ್ಟುಕೊಳ್ಳಲು ಹೇಳಿದರು. ಹುಲಿಗೆಮ್ಮ ಸೇಡು ತೀರಿಸಿಕೊಳ್ಳುವವಳ ಹಾಗೆ ನನ್ನ ತಲೆಯ ಮೇಲೆ ನಿಂತು ಸುರಿದಳು. ನುಂಗುವುದರೊಳಗೆ ಇನ್ನೊಂದು ಚಮಚ. ಗದ್ದಕ್ಕೆ ಹರಿದದ್ದನ್ನು ಒರೆಸಿಕೊಳ್ಳಲು ಕೈಯಿಲ್ಲ, ಸಾಕು ಎನ್ನಲು ಬಾಯಿಗೆ ಬಿಡುವಿಲ್ಲ. ಎದ್ದು ಕೂತಾಗ ನನಗೆ ಅಳುವೇ ಬಂದಿತ್ತು. ನನ್ನ ಅತ್ತೆ ಕಡೆಕಡೆಗೆ ಬಟ್ಟಲು ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಅದನ್ನು ನಾನು ನಿದ್ದೆ ಎಂದು ತಿಳಿದಿದ್ದೆ.

"ನಿನ್ನ ಕೈ ಬಾಳ ಚುರುಕು. ಅದ ನಿನ್ನ ರೋಗ" ಎಂದರು ಖೈರೂನಮ್ಮ. "ವಯಸ್ಸಾದೋರು ತಮ್ಮ ಕುಪ್ಪಸದ ಗುಂಡಿ ತಾವ ಹಾಕ್ಕೊಳ್ಳಾಕ ಹೊತ್ತು ಹಿಡೀತೈತಿ. ಹಿಡೀಲಿ. ಅವರಿಗೇನು ಬಸ್ ತಪ್ಪತೈತೇನು?"

ಜೊತೆಗೆ ಸೇರಿದವರೆಲ್ಲ ಒಬ್ಬೊಬ್ಬರಾಗಿ ಮನೆಗಳಿಗೆ ಹೋದರು. ಹುಲಿಗೆಮ್ಮ ಹಡಗಲಿಗೆ ಹೋದಳು. ನನ್ನ ನಂತರ ಬಂದವರೂ ಹೋದರು. ನಾನು ಮಾತ್ರ ದಿನಾ ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಅಣ್ಣನ ಮನೆಗೆ ಮರಳುತ್ತಿದ್ದೆ. "ಇನ್ನೂ ಎಷ್ಟು ದಿನ ಕಲೀತೀಯವ್ವ?" ಎಂದು ಅತ್ತಿಗೆ ಕೇಳಿದ ದಿನ ಅರ್ಧ ರೊಟ್ಟಿಗೇ ಕೈ ತೊಳೆದು ಎದ್ದೆ. ಮಾರನೆಯ ದಿನ ಹೋಗಿ, ನನ್ನನ್ನು ಯಾವಾಗ ಕಳಿಸುತ್ತೀರಿ ಎಂದು ನೇರವಾಗಿ ಕೇಳಿಬಿಟ್ಟೆ. ಖೈರೂನಮ್ಮ, "ಕೊಟ್ಟೂರಿಗೆ ಬಾ. ನಾನೂ ಬರ್ತೀನಿ. ನೋಡೋಣ" ಎಂದರು. ಇದು ಕೊನೆಯ ಪರೀಕ್ಷೆ, ಇಲ್ಲಿ ಎಡವಿದರೆ ಬಾಳೆಲ್ಲ ಅಣ್ಣನ ಮನೆಯೇ ಗತಿ ಎಂದು ನನಗೆ ಅರ್ಥವಾಯಿತು.

ಕೊಟ್ಟೂರಿನಲ್ಲಿ ಗುರುಬಸಪ್ಪಜ್ಜ ಎಂಬ ಹಿರಿಯರಿಗೆ ಲಕ್ವಾ ಹೊಡೆದು ಎಡಗೈ ಬಿದ್ದುಹೋಗಿತ್ತು, ಮಾತೂ ತೊದಲಾಗಿ ಅರ್ಥವಾಗುತ್ತಿರಲಿಲ್ಲ. ಬಟ್ಟೆ ಅಂಗಡಿಯ ಮನೆತನ, ತುಂಬಿದ ಮನೆ, ಮಗ, ಸೊಸೆ, ಮೊಮ್ಮಕ್ಕಳು ಎಲ್ಲರೂ ಕೈಮೇಲೆ ಇಟ್ಟುಕೊಂಡು ನೋಡುತ್ತಿದ್ದರು. ಆದರೆ ಅಜ್ಜ ಸರಿಯಾಗಿ ಉಣ್ಣುತ್ತಿರಲಿಲ್ಲ. ಖೈರೂನಮ್ಮ ಗುಳಿಗೆಗಳನ್ನು ನೋಡಿ, "ಇವನ್ನ ಖಾಲಿ ಹೊಟ್ಟೀಲೆ ಕೊಡಬಾರದು. ಮುಂಜಾನೆ ಎದ್ದ ಕೂಡಲೇ ಮೊದಲು ಗಂಜಿ, ಆಮೇಲೆ ಗುಳಿಗಿ, ಉಳಕಿದ್ದೆಲ್ಲಾ ಆಮೇಲೆ" ಎಂದು ಕಟ್ಟುನಿಟ್ಟು ಮಾಡಿದರು. ಮನೆಯವರು ತಲೆಯಾಡಿಸಿದರು. ನಾನು ಕೂತುಕೊಂಡು, ಅವಸರ ಮಾಡದೆ, ಹೇಳಿಕೊಟ್ಟ ಹಾಗೆಯೇ ಚಮಚ ತುಟಿಯ ಹತ್ತಿರ ಒಯ್ದೆ. ಅಜ್ಜ ತುಟಿ ಬಿಗಿ ಹಿಡಿದರು. ಎರಡನೇ ಮುಂಜಾನೆ ಮುಖವನ್ನೇ ಗೋಡೆಯ ಕಡೆ ತಿರುಗಿಸಿಕೊಂಡರು.

"ಹಟ ಐತಿ" ಎಂದರು ಖೈರೂನಮ್ಮ. ಹಟವಲ್ಲ ಎಂದು ನನಗೆ ಗೊತ್ತಾಗಿತ್ತು. ನನ್ನ ಅಪ್ಪನೂ ಹೀಗೆಯೇ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಹಿರಿಯರು ಅದನ್ನು ಎಡಗೈಯ ಅಂಗೈಯಲ್ಲಿಟ್ಟು ಪೂಜೆ ಮಾಡದೆ ಹನಿ ನೀರೂ ಮುಟ್ಟುವುದಿಲ್ಲ. ಎಡಗೈಯೇ ಏಳದ ಮೇಲೆ ಪೂಜೆ ಎಲ್ಲಿಯದು ಎಂದು ಮನೆಯವರು ಹಣೆಗೆ ವಿಭೂತಿ ಹಚ್ಚಿ ಸುಮ್ಮನಾಗಿದ್ದರು. ಅದರ ಮೇಲೆ ಕೂಡ್ಲಿಗಿಯಿಂದ ಬಂದ ಅಮ್ಮ ಹೇಳಿದ ಮಾತಿಗೆ ಎದುರಾಡುವುದು ಹೇಗೆ ಎಂಬ ಮರ್ಯಾದೆ ಬೇರೆ. ನನ್ನನ್ನು ಪಾಸು ಮಾಡಬೇಕಾದವರ ಮಾತನ್ನೇ, ಅದೂ ತುಂಬಿದ ಮನೆಯಲ್ಲಿ, ತಪ್ಪು ಎನ್ನಬೇಕಿತ್ತು. ಬಟ್ಟಲು ಕೆಳಗಿಟ್ಟೆ.

"ಅಮ್ಮಾರ, ಅಜ್ಜಾರು ಪೂಜಿ ಇಲ್ಲದ ಉಣ್ಣಂಗಿಲ್ರಿ. ಲಿಂಗ ಅವರ ಅಂಗೈಯಾಗ ಕುಂದ್ರಬೇಕು."

ಖೈರೂನಮ್ಮ ನನ್ನನ್ನು ನೋಡಿದರು, ಅಜ್ಜನನ್ನು ನೋಡಿದರು. ಗೋಡೆಯ ಕಡೆಗಿದ್ದ ಮುಖ ಇತ್ತ ತಿರುಗಿತ್ತು. "ಹೌದೇನ್ರಿ ಅಜ್ಜಾರ?" ಎಂದರು. ಅಜ್ಜನ ಕಣ್ಣಿಂದ ನೀರು ಇಳಿಯಿತು. "ನನಗ ಗೊತ್ತಿದ್ದಿಲ್ರಿ. ಕೇಳಬೇಕಿತ್ತು, ಕೇಳಲಿಲ್ಲ" ಎಂದು ಖೈರೂನಮ್ಮ ಎದ್ದರು. ನನ್ನ ಕಡೆ ತಿರುಗಿ, "ಇದು ನನಗ ಬರಂಗಿಲ್ಲ. ನೀನ ಮಾಡಸು" ಎಂದು ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತರು.

ಅಜ್ಜನಿಗೆ ಮೈ ಒರೆಸಿ, ದಿಂಬು ಕೊಟ್ಟು ಕೂರಿಸಿದೆ. ಬೇರೆಯವರು ಲಿಂಗ ಮುಟ್ಟುವಂತಿಲ್ಲ. ಬಲಗೈಯೊಂದರಿಂದಲೇ ಅವರು ಲಿಂಗವಿಟ್ಟುಕೊಳ್ಳುವ ಕೊರಳಿನ ಬೆಳ್ಳಿಯ ಕರಡಿಗೆಯನ್ನು ತೆರೆಯಬೇಕು. ಮುಚ್ಚಳ ಜಾರಿತು, ಮತ್ತೆ ಜಾರಿತು. ಸೊಸೆ ಕೈ ಮುಂದೆ ಮಾಡಿದಳು, ತಡೆದೆ. ನನ್ನ ಬೆರಳುಗಳೂ ತುರಿಸುತ್ತಿದ್ದವು. ನಾನು ಮಾಡಿದ್ದು ಒಂದೇ, ಅವರ ಬಿದ್ದ ಎಡಗೈಯ ಕೆಳಗೆ ನನ್ನ ಎರಡೂ ಅಂಗೈ ಹಿಡಿದು ಕೂತಿದ್ದು. ಕಡೆಗೂ ಮುಚ್ಚಳ ತೆರೆಯಿತು. ಲಿಂಗ ಅಂಗೈಗೆ ಬಂತು, ವಾಲಿತು, ನಿಂತಿತು. ನೀರು, ವಿಭೂತಿ, ಪತ್ರಿ. ಅಂಗಡಿ ತೆಗೆಯುವ ಹೊತ್ತು ಮೀರಿತ್ತು, ಮಗ ಬಾಗಿಲಲ್ಲೇ ನಿಂತಿದ್ದ. ಪೂಜೆ ಮುಗಿಸಿ ಅಜ್ಜ ಬಟ್ಟಲಿನ ಕಡೆ ಬೆರಳು ತೋರಿಸಿದರು.

ಹೊರಗೆ ಬಂದಾಗ ಖೈರೂನಮ್ಮ, "ಉಂಡ್ರೇನು?" ಎಂದು ಕೇಳಿದರು. "ಉಂಡ್ರು" ಎಂದೆ. "ಹಂಗಾದ್ರ ನಾ ಊರಿಗಿ ಹೋಗ್ತೀನಿ. ನೀ ಇಲ್ಲೇ ಇರು." ಅಷ್ಟೇ. ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ನಡೆದರು. ನಾನು ಅವರ ಬೆನ್ನು ಮರೆಯಾಗುವವರೆಗೂ ನಿಂತು ನೋಡಿದೆ. ಅಂದಿನಿಂದ ಇಂದಿನವರೆಗೆ ನನ್ನ ರೊಟ್ಟಿ ನನ್ನದು.

ಆಮೇಲೆ ಹೊಸದಾಗಿ ಯಾರೇ ಸೇರಲಿ, ಖೈರೂನಮ್ಮ ಕೊಟ್ಟೂರಿನ ಕಥೆಯನ್ನೇ ಮೊದಲು ಹೇಳುತ್ತಿದ್ದರಂತೆ, ತಮ್ಮ ತಪ್ಪನ್ನು ಸ್ವಲ್ಪವೂ ಸಣ್ಣದು ಮಾಡದೆ. "ಆ ಮನುಷ್ಯಾನ್ನ ಉಪವಾಸ ಕೆಡವಿದ್ದು ಯಾರು? ನಾನು! ಕಲ್ತೋರಿಗೇ ಕೇಳೋದು ಮರ್ತು ಹೋಗತೈತಿ" ಎಂದು ಎದೆ ತಟ್ಟಿಕೊಂಡು ನಗುತ್ತಿದ್ದರಂತೆ.

ನಾನು ಕೊಟ್ಟೂರು, ಹಗರಿಬೊಮ್ಮನಹಳ್ಳಿ ಎಂದು ಮನೆಯಿಂದ ಮನೆಗೆ ಹೋಗುತ್ತ ವರ್ಷಗಳು ಕಳೆದವು. ಖೈರೂನಮ್ಮ ಬಚ್ಚಲಲ್ಲಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದಾರೆ, ವಯಸ್ಸಾದ್ದರಿಂದ ಅದು ಕೂಡಿಕೊಳ್ಳಲಿಲ್ಲ, ಇನ್ನು ಏಳುವುದಿಲ್ಲ ಎಂಬ ಸುದ್ದಿ ಬಂದಾಗ ಇದ್ದ ಕೆಲಸ ಮುಗಿಸಿ, ಬಟ್ಟೆಯ ಗಂಟು ಕಟ್ಟಿಕೊಂಡೇ ಕೂಡ್ಲಿಗಿಗೆ ಬಂದೆ. ಅವರು ಇರುವಷ್ಟು ದಿನ ಅವರ ಹತ್ತಿರವೇ ಇರುವುದೆಂದು ತೀರ್ಮಾನ ಮಾಡಿಕೊಂಡಿದ್ದೆ. ಬೇರೆ ಯಾರ ಕೈಗೂ ಅವರನ್ನು ಬಿಡುವ ಮನಸ್ಸಿರಲಿಲ್ಲ.

ತಗಡಿನ ಕೋಣೆಯ ಮೂಲೆಯ ಮಂಚದಲ್ಲಿ ಅವರಿದ್ದರು. ರೇಣುಕಾ ಎಂಬ ಹೊಸ ಹೆಂಗಸು ಅವರ ಮಗ್ಗುಲು ಬದಲಿಸುತ್ತಿದ್ದಳು. ಅವಳಿಗೆ ಇನ್ನೂ ಏನೂ ಬರುತ್ತಿರಲಿಲ್ಲ. ಸೊಂಟಕ್ಕೆ ಕೈಹಾಕುವ ಬದಲು ತೋಳು ಹಿಡಿದು ಎಳೆದಳು. "ಯಾ ಅಲ್ಲಾ!" ಎಂದು ಖೈರೂನಮ್ಮ ಹಲ್ಲು ಕಚ್ಚಿದರು. ನಾನು ಗಂಟು ಬಿಸಾಕಿ ಓಡಿದೆ.

"ನೀ ದೂರ ನಿಲ್ಲು" ಎಂದರು. "ರೇಣುಕಾ, ತೋಳು ಬಿಡು. ಈಗ ನೋಯ್ತು, ಎಲ್ಲಿ ನೋಯ್ತು ಅಂತ ಹೇಳ್ತೀನಿ ಕೇಳು. ಇನ್ನೊಮ್ಮೆ ಮಾಡು."

"ನಾ ನೋಡಿಕೊಂತೀನಿ ಅಮ್ಮಾರ. ಅದಕ್ಕಂತಲೇ ಬಂದೀನಿ" ಎಂದೆ.

"ನಿನಗ ಬರತೈತಿ. ಬರೋರಿಗೆ ನನ್ನ ಹತ್ರ ಏನು ಕೆಲಸ? ನೀಲಗುಂದದಾಗ ಒಬ್ಬ ಹೆಣ್ಮಗಳು ಹಾಸಿಗಿ ಹಿಡದಾಳ, ಮಾತಿಲ್ಲ ಕಥಿಯಿಲ್ಲ. ಬೆನ್ನ ಮ್ಯಾಲೆ ಹುಣ್ಣಾಗೈತಂತ. ನಾಳೆ ಅಲ್ಲಿಗಿ ಹೋಗು."

ನನಗೆ ಸಿಟ್ಟೂ ಬಂತು, ಅಳುವೂ ಬಂತು. "ಈಕಿ ಕೈಯಾಗ ನಿಮಗ ನೋವಾಗತೈತಲ್ರಿ!"

"ಆಗತೈತಿ. ಆಗತೈತಿ ಅಂತ ಹೇಳಾಕ ನನಗ ಬಾಯಿ ಐತಿ, ಬೇಟಿ. ನಾಳೆ ಈಕಿ ಹೊರಳಸೋ ಮುದುಕಿಗೆ ಬಾಯಿ ಇರಂಗಿಲ್ಲ. ಇಷ್ಟು ವರ್ಷ ಗಟ್ಟಿಮುಟ್ಟಾದೋರನ್ನ ಮಲಗಿಸಿ ಕಲಿಸಿದೆ. ಈಗ ಖರೇ ಅಂದ್ರ ಖರೇ ನೋಯೋ ಮೈ ಸಿಕ್ಕೈತಿ. ಇದನ್ನ ನಿನಗ ಕೊಟ್ಟು ಹಾಳು ಮಾಡ್ಲೇನು?"

ಮಾರನೆಯ ಬೆಳಿಗ್ಗೆ ಹರಪನಹಳ್ಳಿಯ ಬಸ್ಸು ಹತ್ತಿದೆ. ಹೊರಡುವಾಗ ಪಾದ ಮುಟ್ಟಿದೆ. ಅವರು ಕಣ್ಣು ತೆರೆದು ನೋಡಿ, "ಹೋಗು, ಬಸ್ ತುಂಬತೈತಿ" ಎಂದರು. ನಾನು ನೀಲಗುಂದದಲ್ಲಿ ಇರುವಾಗಲೇ ಅವರು ಹೋದರು. ಸುದ್ದಿ ತಲುಪುವ ಹೊತ್ತಿಗೆ ಮಣ್ಣೂ ಆಗಿತ್ತು.

ಕೆಲವು ತಿಂಗಳ ಮೇಲೆ, ನನಗೆ ಬಿಡುವು ಬೇಕೆಂದು ಸಂಘದವರು ನೀಲಗುಂದಕ್ಕೆ ರೇಣುಕಾಳನ್ನು ಕಳಿಸಿದರು. ಮಧ್ಯಾಹ್ನದ ಹೊತ್ತು, ಹಾಸಿಗೆಯ ಹೆಣ್ಣುಮಗಳಿಗೆ ನಿದ್ದೆ ಹತ್ತಿತ್ತು. ಮಗ್ಗುಲು ಬದಲಿಸುವ ಸಮಯ. ನಾನು ಬಾಗಿಲಲ್ಲಿ ನಿಂತುಕೊಂಡೆ. ರೇಣುಕಾ ಕೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡಳು. ಒಂದು ಕೈ ಭುಜದ ಕೆಳಗೆ, ಒಂದು ಕೈ ಸೊಂಟದ ಕೆಳಗೆ ಹಾಕಿ, ಸ್ವಲ್ಪ ತಡೆದು, ಹೊರಳಿಸಿದಳು. ಆ ಹೆಣ್ಣುಮಗಳಿಗೆ ಎಚ್ಚರವಾಗಲಿಲ್ಲ.

ನಾನು ಹಿತ್ತಲಿಗೆ ಹೋಗಿ ಬಿಕ್ಕಿಬಿಕ್ಕಿ ಅತ್ತೆ.