ಡೆಸ್ಮಂಡನ ಮಾಮೂಲಿ

ಡೆಸ್ಮಂಡ್ ಒಲೆರೆನ್‌ಶಾ ಒಂದು ಸಲ ತಿಂದ ಕಡೆ ಎರಡನೇ ಸಲ ತಿನ್ನುತ್ತಿರಲಿಲ್ಲ. ಸ್ಟಾಕ್‌ಪೋರ್ಟಿನ ಈ ಮನುಷ್ಯ ಇಪ್ಪತ್ತೇಳು ವರ್ಷ ಬ್ರಿಟನ್ನಿನ ಉದ್ದಗಲಕ್ಕೂ ಲಾರಿ ಓಡಿಸಿದ. ಬೆಳಗಿನ ತಿಂಡಿಗೆ ದಿನವೂ ರಸ್ತೆಬದಿಯ ಹೊಸ ಗಾಡಿ, ಹೊಸ ಬನ್ನು. ಅದೇ ರಸ್ತೆಗಳಲ್ಲಿ ಅಷ್ಟೇ ವರ್ಷ ಲಾರಿ ಓಡಿಸಿದ ನನಗೆ ಅವನ ಈ ಚಟ ಕಂಡರೆ ಮೈ ಉರಿಯುತ್ತಿತ್ತು. ಒಳ್ಳೆಯ ಗಾಡಿ ಸಿಕ್ಕಿದರೆ ಅಲ್ಲೇ ತಳ ಊರಬೇಕು ಎನ್ನುವವನು ನಾನು.

"ಡಂಡೀ ಹತ್ರ ಒಬ್ಬಳು ಚಪ್ಪಟೆ ಸಾಸೇಜ್ ಮೇಲೆ ಆಲೂಗಡ್ಡೆ ರೊಟ್ಟಿ ಇಟ್ಟು ಬನ್ ಕೊಟ್ಟಳು ಕಣೋ. ಅಂಥದ್ದು ನಾನು ತಿಂದೇ ಇಲ್ಲ," ಎನ್ನುತ್ತಿದ್ದ.

"ಹಾಗಾದ್ರೆ ಮತ್ತೆ ಹೋಗ್ತೀಯಾ?"

"ಯಾಕೆ ಹೋಗ್ಲಿ? ತಿಂದಾಯ್ತಲ್ಲ."

ಐವತ್ತೊಂಬತ್ತಕ್ಕೆ ಅವನ ಕಣ್ಣು ಮಂಜಾಯಿತು. ಲಾರಿ ಲೈಸೆನ್ಸ್ ಹೋಯಿತು. ಆರು ವಾರ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ರಸ್ತೆಯಲ್ಲಿ ಹೋಗುವ ಲಾರಿಗಳ ಸದ್ದು ಕೇಳಿಸಿಕೊಂಡೇ ದಿನ ದೂಡಿದ. ಅವನ ಹೆಂಡತಿ ಗ್ಲೆನಿಸ್‌ಗೆ ಅದನ್ನು ನೋಡಲಾಗಲಿಲ್ಲ. ಎಲ್ಲಿಂದಲೋ ಹಳೆಯ ತಿಂಡಿ ಗಾಡಿಯೊಂದನ್ನು ಹುಡುಕಿ ತಂದಳು. ಬಕ್ಸ್‌ಟನ್ ಕಡೆಯ ಕಲ್ಲುಗಣಿ ರಸ್ತೆಯ ಬದಿ ಲಾರಿಗಳು ನಿಲ್ಲುವ ಜಾಗದಲ್ಲಿ ಮೂರು ತಿಂಗಳ ಮಟ್ಟಿಗೆ ಅನುಮತಿ ಸಿಕ್ಕಿತು. ವ್ಯಾಪಾರ ಕುದುರದಿದ್ದರೆ ಜಾಗ ಬೇರೆಯವರ ಪಾಲು.

"ಈ ಗಾಡೀನೂ ಹೋದ್ರೆ ಅವನು ಆ ಕುರ್ಚಿ ಬಿಟ್ಟು ಏಳಲ್ಲ," ಎಂದು ಗ್ಲೆನಿಸ್ ನನ್ನ ಹತ್ತಿರ ಹೇಳಿದಳು. ಅವಳ ಭಯ ನಿಜವಾದದ್ದು. ನನಗೂ ಅದೇ ಭಯವಿತ್ತು.

ಇವನೋ, ತಾನು ತಿಂದದ್ದನ್ನೆಲ್ಲ ಊರಿಗೆ ತಿನ್ನಿಸಲು ಹೊರಟ. ಸೋಮವಾರ ಹಂದಿಮಾಂಸದ ಬೇಕನ್ ಬನ್. ಮಂಗಳವಾರ ಗ್ಲಾಸ್ಗೋದವರಿಗೆ ಇಷ್ಟವಾದ, ನೆತ್ತಿ ಕರ್ರಗಾಗುವಷ್ಟು ಸುಟ್ಟ ಬನ್. ಬುಧವಾರ ವೇಲ್ಸಿನ ಕಡಲ ಪಾಚಿ. ಎಲ್ಲವೂ ರುಚಿಯಾಗಿಯೇ ಇತ್ತು, ಸುಳ್ಳು ಹೇಳಬಾರದು. ಆದರೆ ಒಮ್ಮೆ ಬಂದವರು ಮತ್ತೆ ಬರುತ್ತಿರಲಿಲ್ಲ. ಒಂದು ತಿಂಗಳು ಹೀಗೇ ಕಳೆಯಿತು.

ಅಂಥ ಒಂದು ಬುಧವಾರ ನಾನು ಅಲ್ಲೇ ಚಹಾ ಕುಡಿಯುತ್ತಿದ್ದೆ. ಗಣಿಯ ಕಲ್ಲು ಸಾಗಿಸುವ ನೊರೀನ್ ಹಿಬ್ಬರ್ಟ್ ಲಾರಿ ಇಳಿದು ಬಂದಳು. ಬನ್ ಬಿಡಿಸಿ ನೋಡಿದಳು.

"ಏನಯ್ಯ ಇದು, ಹಸಿರಾಗಿದೆ?"

"ಪಾಚಿ ಕಣಮ್ಮಾ. ತಿಂದು ನೋಡು."

"ಮೊನ್ನೆ ಒಳ್ಳೇ ಬೇಕನ್ ಬನ್ ಕೊಟ್ಟೆ. ಅದಕ್ಕೇ ಬಂದೆ. ಕೆರೆ ಬಳಿದು ಕೊಡ್ತೀಯಾ?"

"ದಿನಾ ಅದನ್ನೇ ತಿಂದ್ರೆ ಬೇಜಾರಾಗಲ್ವಾ?"

"ಬೇಜಾರಾಗೋಕೆ ಕಲ್ಲು ಸಾಗಿಸೋ ಕೆಲಸ ಇದೆಯಲ್ಲ," ಎಂದಳು ನೊರೀನ್. "ತಿಂಡಿ ನಂಗೆ ಗೊತ್ತಿರೋದೇ ಇರ್ಬೇಕು. ಬಾಯಿ ಬಿಡೋಕೆ ಮುಂಚೆ ಕೈಗೆ ಬರ್ಬೇಕು. ಬೆಳಿಗ್ಗೆ ಆರು ಗಂಟೆಗೆ ನನ್ನ ಬಲ್ಲೋರು ಒಬ್ರಾದ್ರೂ ಇದಾರೆ ಅನ್ನಿಸ್ಬೇಕು."

ಡೆಸ್ಮಂಡ್ ಆ ಹಸಿರು ಬನ್ನನ್ನು ವಾಪಸ್ ತೆಗೆದುಕೊಂಡ. ಇಪ್ಪತ್ತೇಳು ವರ್ಷದಲ್ಲಿ ಈ ಮಾತು ಅವನಿಗೆ ಹೊಳೆದೇ ಇರಲಿಲ್ಲ. "ನಿನ್ನ ಮಾಮೂಲಿ ಏನು?" ಎಂದು ಕೇಳಿದ.

"ಬೇಕನ್, ಗರಿಗರಿಯಾಗಿ. ಕಂದು ಸಾಸ್. ಬೆಣ್ಣೆ ಬೇಡ."

ದೂರದಿಂದ ಬರುವವರ ಮುಖ ಅವನಿಗೆ ಕಾಣುತ್ತಿರಲಿಲ್ಲ, ಆದರೆ ಕಿವಿ ಚುರುಕಾಗಿತ್ತು. ಮರುದಿನ ತಿರುವಿನಲ್ಲಿ ನೊರೀನಳ ಲಾರಿ ಗೇರು ಬದಲಿಸಿದ್ದು ಕೇಳುತ್ತಲೇ ಬೇಕನ್ ಕಾವಲಿಗೆ ಬಿತ್ತು. ಅವಳು ಇಳಿದು ಬರುವಷ್ಟರಲ್ಲಿ ಬನ್ ಕಾಗದದಲ್ಲಿ ಸುತ್ತಿ ಸಿದ್ಧವಾಗಿತ್ತು. ಅವಳು ಅದನ್ನು ತೆಗೆದುಕೊಂಡು ಲಾರಿ ಹತ್ತಿ ತಿಂದಳು. ಮಾರನೆಯ ದಿನ ಜೊತೆಗೆ ಇಬ್ಬರನ್ನು ಕರೆತಂದಳು.

ಹೀಗೆ ಒಬ್ಬೊಬ್ಬರ ಮಾಮೂಲಿ ಅವನ ತಲೆಯಲ್ಲಿ ಕೂತಿತು. ಎಡವಿದ್ದು ಒಮ್ಮೆ ಮಾತ್ರ, ಗೆಥಿನ್ ಎಂಬ ವೇಲ್ಸಿನವನ ಬನ್ನಿಗೆ ಕಂದು ಸಾಸಿನ ಬದಲು ಟೊಮೆಟೊದ ಕೆಂಪು ಸಾಸ್ ಹಾಕಿಬಿಟ್ಟ. ನಮ್ಮಲ್ಲಿ ಅದು ಸಣ್ಣ ತಪ್ಪಲ್ಲ. ಗೆಥಿನ್ ಮೂರು ದಿನ ಮಾತು ಬಿಟ್ಟ, ಆದರೆ ಮೂರು ದಿನವೂ ಬಂದು ಮುಖ ಊದಿಸಿಕೊಂಡೇ ತಿಂದ. ಗಾಡಿಯ ವ್ಯಾಪಾರ ಕುದುರಿತು ಎಂದು ನನಗೆ ಖಾತ್ರಿಯಾದದ್ದು ಆಗಲೇ.

ಅನುಮತಿ ಒಂದು ವರ್ಷಕ್ಕೆ ಮುಂದುವರಿದ ಕಾಗದ ಬಂದ ದಿನ ನೊರೀನ್ ಕೌಂಟರಿಗೆ ಒರಗಿ ಕೇಳಿದಳು, "ಅಂದ ಹಾಗೆ, ನಿನ್ನ ಮಾಮೂಲಿ ಏನಯ್ಯ?"

ಕಾರ್ನ್‌ವಾಲಿನಿಂದ ಇನ್ವರ್ನೆಸ್‌ವರೆಗೆ ಯಾವ ಗಾಡಿಯಲ್ಲಿ ಏನು ಚೆನ್ನ ಎಂದು ಹೇಳಬಲ್ಲ ಡೆಸ್ಮಂಡ್ ಸಟ್ಟುಗದಿಂದ ಖಾಲಿ ಕಾವಲಿ ಕೆರೆದ.

"ನನ್ನನ್ನ ಯಾರೂ ಕೇಳಿಲ್ಲ," ಎಂದ.

"ಎರಡನೇ ಸಲ ಹೋಗಿದ್ರೆ ಕೇಳ್ತಿದ್ರು," ಎಂದೆ ನಾನು. ಅಂದ ಮೇಲೆ ಪಿಚ್ಚೆನಿಸಿತು.

ಅವನು ಗಾಡಿಯಲ್ಲಿದ್ದ ಸಾಮಾನನ್ನೆಲ್ಲ ಒಮ್ಮೆ ನೋಡಿದ. "ಸಾಸೇಜ್. ಮೇಲೊಂದು ಮೊಟ್ಟೆ, ಹಳದಿ ಹರೀಬೇಕು. ಕೆಂಪು ಸಾಸ್."

"ಕೆಂಪಾ?" ನೊರೀನ್ ಮುಖ ಸಿಂಡರಿಸಿದಳು. "ಹೋಗ್ಲಿ ಬಿಡು, ನಿನ್ನ ಹಣೆಬರಹ."

ಮರುದಿನ ಆರಕ್ಕೆ ನಾನು ಹೋದಾಗ ನೊರೀನ್ ಗಾಡಿಯ ಒಳಗಿದ್ದಳು, ಕೈಯಲ್ಲಿ ಸಟ್ಟುಗ. "ಆಚೆ ಹೋಗಿ ನಿಂತ್ಕೋ, ಗಿರಾಕಿ ನಿಲ್ಲೋ ಕಡೆ," ಎಂದು ಡೆಸ್ಮಂಡನನ್ನು ಹೊರಗೆ ದಬ್ಬಿದಳು. ಅವನು ಏಪ್ರನ್ ಬಿಚ್ಚದೆಯೇ ಬಂದು, ಗೆಥಿನ್‌ನ ಹಿಂದೆ ಸಾಲಿನಲ್ಲಿ ನಿಂತ. ಅವನ ಸರದಿ ಬಂತು.

"ಮಾಮೂಲಿ ತಾನೇ?"

"ಹ್ಞೂಂ," ಎಂದ ಡೆಸ್ಮಂಡ್. "ಮಾಮೂಲಿ."

ಮೊಟ್ಟೆಯ ಹಳದಿ ಮಣಿಕಟ್ಟಿನವರೆಗೆ ಹರಿಯಿತು. ಒರೆಸಿಕೊಳ್ಳದೆ ಅಲ್ಲೇ ನಿಂತು ತಿಂದ.