ತೊಂಬತ್ತೊಂಬತ್ತೂವರೆ

ನನ್ನ ಮಗಳಿಗೆ ಎರಡೂವರೆ ವರ್ಷವಾಗಿದ್ದಾಗ ಬಂದ ಜ್ವರವನ್ನು ಅಳೆದವನು ನಾನೇ. ವೈಯಾಲಿಕಾವಲ್‌ನ ನಮ್ಮ ಬಾಡಿಗೆ ಮನೆಯಲ್ಲಿ ಇಂಥ ಕೆಲಸಗಳೆಲ್ಲ ನನ್ನ ಪಾಲಿಗಿದ್ದವು. ಕಾಲೇಜೊಂದರ ಭೌತಶಾಸ್ತ್ರದ ಲ್ಯಾಬ್ ನೋಡಿಕೊಳ್ಳುವವನು ನಾನು. ಅಳೆಯುವುದು ನನಗೆ ಗೊತ್ತು ಎಂಬ ಹಮ್ಮು ಇತ್ತು.

ಅದು ಭಾನುವಾರ. ಮಧ್ಯಾಹ್ನ ಮಗು ಊಟ ಬೇಡವೆಂದು ಮಲಗಿಬಿಟ್ಟಿತು. ಹೆಂಡತಿ ಹಣೆ, ಹೊಟ್ಟೆ ಮುಟ್ಟಿ ನೋಡಿ ಒದ್ದೆ ಬಟ್ಟೆಯಿಂದ ಮೈ ಒರೆಸಿದಳು. ಆ ಬೆನ್ನಲ್ಲೇ ನಾನು ಡಿಜಿಟಲ್ ಥರ್ಮಾಮೀಟರ್ ತಂದೆ. ಬನಿಯನ್ ಬಿಚ್ಚಿಸುವ ತಾಳ್ಮೆಯಿಲ್ಲದೆ ಅದರ ಮೇಲಿಂದಲೇ ಕಂಕುಳಿಗೆ ತೂರಿಸಿದೆ. ಮಗು ಕೊಸರಾಡಿ ಅತ್ತಿತು. ಬೀಪ್ ಸದ್ದು ಬರುವ ಮೊದಲೇ ತೆಗೆದು ನೋಡಿದೆ. ತೊಂಬತ್ತೊಂಬತ್ತೂವರೆ.

“ಇಲ್ಲಾರೀ, ಕೈಗೆ ಸುಡ್ತಿದೆ,” ಎಂದಳು ಹೆಂಡತಿ.

“ಕೈ ನಂಬ್ತೀಯೋ, ಇದನ್ನ ನಂಬ್ತೀಯೋ?” ಎಂದು ಥರ್ಮಾಮೀಟರನ್ನು ಅವಳ ಮುಖದ ಮುಂದೆ ಹಿಡಿದೆ.

ಮಲ್ಲೇಶ್ವರದ ನಮ್ಮ ಡಾಕ್ಟರಿಗೆ ಫೋನ್ ಮಾಡಿದೆ. ಜ್ವರ ಎಷ್ಟಿದೆ ಎಂದು ಅವರು ಮೊದಲು ಕೇಳಿದರು. ನನ್ನ ಅಂಕಿ ಹೇಳಿದೆ. ಹಾಗಾದರೆ ಸಿರಪ್ ಕೊಟ್ಟು ನೋಡಿ, ನೂರಾ ಎರಡು ದಾಟಿದರೆ, ವಾಂತಿಯಾದರೆ, ಮಂಪರು ಕಂಡರೆ ತಕ್ಷಣ ಕರೆತನ್ನಿ ಎಂದರು. ಸಂಜೆ ಮಗು ವಾಂತಿ ಮಾಡಿಕೊಂಡಿತು. ಸಿರಪ್ ಒಗ್ಗಲಿಲ್ಲ ಎಂದುಬಿಟ್ಟೆ. ಈಗಲೇ ಹೋಗೋಣ ಎಂದು ಹೆಂಡತಿ ಎರಡು ಸಲ ಹೇಳಿದಳು. ಇನ್ನೊಮ್ಮೆ ಅದೇ ರೀತಿಯಲ್ಲಿ ಅಳೆದೆ. ನೂರಕ್ಕೆ ಚೂರು ಕಡಿಮೆ ಬಂತು. ನಾಳೆ ನೋಡೋಣ ಎಂದೆ.

ಮರುದಿನ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ. ಹೋದೆ. ಹನ್ನೊಂದು ಗಂಟೆಗೆ ಹೆಂಡತಿಯ ಫೋನ್ ಬಂತು. ಮಗು ಎಷ್ಟು ಅಲ್ಲಾಡಿಸಿದರೂ ಕಣ್ಣು ಬಿಡುತ್ತಿಲ್ಲ, ನಾನು ಆಟೋ ಹತ್ತಿದ್ದೇನೆ, ನೀವು ನೇರ ಕ್ಲಿನಿಕ್ಕಿಗೇ ಬನ್ನಿ ಎಂದಳು.

ನಾನು ತಲುಪುವಾಗ ನರ್ಸ್ ಮಗುವಿನ ಬನಿಯನ್ ಬಿಚ್ಚುತ್ತಿದ್ದರು. ಕಂಕುಳಿನ ಬೆವರನ್ನು ಒಣ ಬಟ್ಟೆಯಲ್ಲಿ ಒರೆಸಿ, ಥರ್ಮಾಮೀಟರಿನ ತುದಿಯನ್ನು ಕಂಕುಳಿನ ನಡುವೆ ಚರ್ಮಕ್ಕೇ ತಾಗಿಸಿ, ತೋಳನ್ನು ಪಕ್ಕೆಗೆ ಒತ್ತಿ ಹಿಡಿದು ನಿಂತರು. ಬೀಪ್ ಬರುವವರೆಗೂ ಹಿಡಿತ ಸಡಿಲಿಸಲಿಲ್ಲ. ಮಗು ಈ ಸಲ ಕೊಸರಾಡಲೇ ಇಲ್ಲ. ನೂರಾ ನಾಲ್ಕು ದಾಟಿತ್ತು.

ಡಾಕ್ಟರ್ ಮಗುವಿನ ಕತ್ತು ಬಗ್ಗಿಸಲು ನೋಡಿದರು. ಅದು ಬಗ್ಗಲಿಲ್ಲ. ನನ್ನತ್ತ ತಿರುಗಿ, “ನಿನ್ನೆ ಹೇಗೆ ನೋಡಿದ್ರಿ?” ಎಂದು ಕೇಳಿದರು. ಒದ್ದೆ ಬಟ್ಟೆಯಿಂದ ಹಿಡಿದು ಬೀಪ್‌ವರೆಗೆ ಒಂದನ್ನೂ ಬಿಡದೆ ಹೇಳಿದೆ. ಅವರು ಬೈಯಲಿಲ್ಲ. ಆಸ್ಪತ್ರೆಗೆ ಚೀಟಿ ಬರೆಯುತ್ತ, “ಹೊರಡಿ, ಈಗ್ಲೇ ಹೋಗ್ಬೇಕು,” ಎಂದರಷ್ಟೆ.

ಮಿದುಳಿನ ಪೊರೆಗೆ ಸೋಂಕು ತಗುಲಿತ್ತು. ಎರಡು ವಾರ ಆಸ್ಪತ್ರೆಯಲ್ಲಿದ್ದೆವು. ಮಗು ಉಳಿಯಿತು. ಆದರೆ ಮನೆಗೆ ಬಂದ ಮೇಲೆ ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಪರೀಕ್ಷೆ ಮಾಡಿಸಿದೆವು. ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ. ಒಂದು ದಿನ ಮೊದಲೇ ಬಂದಿದ್ದರೆ ಕಿವಿ ಉಳಿಯುತ್ತಿತ್ತೇ ಎಂದು ಡಾಕ್ಟರನ್ನು ಕೇಳಿದೆ.

“ಹೇಳಕ್ಕಾಗಲ್ಲ,” ಎಂದರು. “ಉಳೀಬಹುದಿತ್ತು. ಉಳೀದೇನೂ ಇರಬಹುದಿತ್ತು.”

ಹೆಂಡತಿ ನನ್ನನ್ನು ಎಂದೂ ದೂರಲಿಲ್ಲ. ವರ್ಷದ ಮೇಲೆ ಒಂದು ದಿನ ನಾನೇ ಮಾತು ತೆಗೆದೆ. ಹುರುಳಿಕಾಯಿ ಹೆಚ್ಚುತ್ತಿದ್ದವಳು ತಲೆಯೆತ್ತದೆ, “ನಾನು ಎತ್ಕೊಂಡು ಹೊರಟುಬಿಡ್ಬೇಕಿತ್ತು. ಯಾಕೆ ನಿಮ್ಮ ಮಾತು ಕೇಳಿದೆ ಅಂತ ದಿನಾ ನನ್ನನ್ನೇ ಕೇಳ್ಕೋತೀನಿ,” ಎಂದಳು. ನನ್ನ ತಪ್ಪಿನ ಭಾರವನ್ನು ಅವಳೂ ಹೊತ್ತಿದ್ದಾಳೆಂದು ಗೊತ್ತಾದದ್ದು ಅವತ್ತೇ.

ಈಗ ಮಗಳಿಗೆ ಏಳು ವರ್ಷ. ಮಾತು ತಡವಾಗಿ ಬಂತು, ಕೆಲವು ಅಕ್ಷರಗಳಿಗೆ ನಾಲಿಗೆ ಇನ್ನೂ ಹೊರಳುವುದಿಲ್ಲ. ಬಲಗಿವಿಗೆ ಯಂತ್ರ ಹಾಕಿಕೊಂಡು ಶಾಲೆಗೆ ಹೋಗುತ್ತಾಳೆ. ಸಂಪಿಗೆ ರಸ್ತೆಯಲ್ಲಿ ಎಡಗಡೆಯಿಂದ ನುಗ್ಗುವ ಸ್ಕೂಟರು ಅವಳಿಗೆ ಕೇಳುವುದಿಲ್ಲ, ಹಾಗಾಗಿ ಆ ಕಡೆ ನಾನು ನಡೆಯುತ್ತೇನೆ. ಏನಾದರೂ ಹೇಳಬೇಕೆಂದರೆ ನಿಂತು, ಅವಳ ಎದುರಿಗೆ ಬಂದು, ಬಗ್ಗಿ ಹೇಳುತ್ತೇನೆ. ಅವಳು ನನ್ನ ತುಟಿ ನೋಡುತ್ತಾಳೆ.