ಕುರ್ಲಾದಲ್ಲಿ ಬಿಟ್ಟುಕೊಟ್ಟ ಸೀಟು

ಮುಲುಂಡ್ ಸ್ಟೇಷನ್ನಿನ ಹೊರಗೆ ಸಂಜೆ ಹೊತ್ತು ಗೋಣಿತಾಟಿನ ಮೇಲೆ ಮೆಂತೆ ಸೊಪ್ಪು ಹರವಿಕೊಂಡು ಕೂರುವ ಹೆಂಗಸರಿದ್ದಾರೆ. ಕಟ್ಟುಗಳ ಮೇಲೆ ಅವರು ನೀರು ಚಿಮುಕಿಸಿದಾಗ ಏಳುವ ಕಹಿಹಸಿರು ವಾಸನೆಗೆ ಈಗಲೂ ನನ್ನ ಹೆಜ್ಜೆ ತಡೆಯುತ್ತದೆ. ಉಳಿದವರಿಗೆ ಅದು ಅಡುಗೆಮನೆಯ ವಾಸನೆ. ನನಗೆ ಅದು ಲೋಕಲ್ ರೈಲಿನ ಲೇಡೀಸ್ ಡಬ್ಬಿಯ ವಾಸನೆ, ಇಬ್ಬರು ಹೆಂಗಸರ ಬೆರಳುಗಳ ವಾಸನೆ. ಅವರಲ್ಲಿ ಒಬ್ಬಳು ನನ್ನ ಅವ್ವ. ಇನ್ನೊಬ್ಬರು ಪಕ್ಕದ ಖೋಲಿಯ ವತ್ಸಲಮ್ಮ. ನೀವೂ ಒಂದೊಂದೇ ಕೋಣೆಯ ಮನೆಗಳ ಚಾಳಿನಲ್ಲಿ ಬೆಳೆದವರಾದರೆ ಪಕ್ಕದ ಖೋಲಿ ಅಂದರೆ ಏನೆಂದು ನಾನು ವಿವರಿಸಬೇಕಾಗಿಲ್ಲ. ಗೋಡೆ ಒಂದೇ, ಗ್ಯಾಲರಿ ಒಂದೇ, ಒಣಹಾಕಿದ ಬಟ್ಟೆಗಳ ಹಗ್ಗವೂ ಒಂದೇ. ಅವರ ಕುಕ್ಕರ್ ಕೂಗಿದರೆ ನಾವು ಎಣಿಸುತ್ತಿದ್ದೆವು. ನಮ್ಮ ಹಾಲು ಉಕ್ಕಿದರೆ ಅವರು ಓಡಿ ಬರುತ್ತಿದ್ದರು.

ನಾವು ಗದಗ ಕಡೆಯವರು. ಅಪ್ಪ ಕಟ್ಟಡ ಕೆಲಸದ ಮೇಸ್ತ್ರಿ. ವತ್ಸಲಮ್ಮ ಉಡುಪಿ ಕಡೆಯವರು. ಅವರ ಗಂಡ ವಡಾಲದ ಹೋಟೆಲೊಂದರಲ್ಲಿ ಕೆಲಸಕ್ಕಿದ್ದು, ವಾರಕ್ಕೊಮ್ಮೆ ಮಾತ್ರ ಮನೆಗೆ ಬರುತ್ತಿದ್ದರು. ಅವರ ಮಗಳು ಸುಮಾ ನನ್ನ ವಯಸ್ಸಿನವಳು, ನನ್ನ ಶಾಲೆಯವಳು. ಅವಳು ತನ್ನ ತಾಯಿಯನ್ನು ಅಮ್ಮ ಅನ್ನುತ್ತಿದ್ದಳು, ನಾನು ನನ್ನ ತಾಯಿಯನ್ನು ಅವ್ವ ಅನ್ನುತ್ತಿದ್ದೆ. ಹಾಗಾಗಿ ಇಬ್ಬರಿಗೂ ಒಬ್ಬಳು ಅವ್ವ, ಒಬ್ಬಳು ಅಮ್ಮ ಆದರು. ಯಾರೂ ಹೇಳಿಕೊಟ್ಟದ್ದಲ್ಲ. ಬೆಳಿಗ್ಗೆ ಅವ್ವ ಕಟ್ಟೆಯ ಮೇಲೆ ರೊಟ್ಟಿ ಬಡಿಯತೊಡಗಿದರೆ ಗೋಡೆಯಾಚೆಯಿಂದ ವತ್ಸಲಮ್ಮ ಕೂಗುತ್ತಿದ್ದರು: “ಎಂತ ಮಾರಾಯ್ತಿ, ನಿನ್ನ ಸದ್ದಿಗೆ ನಮ್ಮ ದೇವರು ಎದ್ದು ಕೂತ!” ಅವ್ವ ಕೈ ನಿಲ್ಲಿಸದೆ ಅನ್ನುತ್ತಿದ್ದಳು: “ನಿಮ್ಮ ಮೀನಿನ ವಾಸನಿಗೆ ನಮ್ಮ ದೇವ್ರು ಎದ್ದು ಊರಿಗೇ ಹೋದ. ಮೊದ್ಲು ಅವನ್ನ ಕರ್ಕೊಂಡು ಬಾ.” ಇಡೀ ಗ್ಯಾಲರಿ ನಗುತ್ತಿತ್ತು. ಆ ರೊಟ್ಟಿಯಲ್ಲಿ ಅರ್ಧ ಅವರ ಮನೆಗೇ ಹೋಗುತ್ತಿತ್ತು.

ಅವ್ವನಿಗೂ ವತ್ಸಲಮ್ಮನಿಗೂ ಮಸೀದಿ ಬಂದರಿನ ಒಂದು ಗೋದಾಮಿನಲ್ಲಿ ಔಷಧಿ ಪೆಟ್ಟಿಗೆ ತುಂಬುವ ಕೆಲಸ. ದಿನವಿಡೀ ನಿಂತೇ ಮಾಡಬೇಕು. ಸಂಜೆ ಮಸೀದಿ ಸ್ಟೇಷನ್ನಿನಲ್ಲಿ ಹತ್ತಿದರೆ ಕೂರಲು ಜಾಗ ಸಿಗುವುದಿಲ್ಲವೆಂದು ಹಿಂದಕ್ಕೆ ವಿಟಿಯವರೆಗೆ ನಡೆದುಹೋಗಿ, ಅಲ್ಲಿಂದ ಹೊರಡುವ ಸ್ಲೋ ಲೋಕಲಿನಲ್ಲಿ ನುಗ್ಗಿ ಹೇಗೋ ಒಂದು ಸೀಟು ಹಿಡಿಯುತ್ತಿದ್ದರು. ಇಬ್ಬರಿಗೆ ಒಂದೇ. ಅದಕ್ಕೊಂದು ಕಾನೂನಿತ್ತು, ಆ ಡಬ್ಬಿಯ ಹೆಂಗಸರೆಲ್ಲ ಪಾಲಿಸುತ್ತಿದ್ದ ಕಾನೂನು. ಹಿಡಿದವಳು ಘಾಟ್ಕೋಪರ್‌ವರೆಗೆ ಕೂರಬೇಕು. ಘಾಟ್ಕೋಪರ್ ಬಂತೆಂದರೆ ಎದ್ದು, ನಿಂತವಳಿಗೆ ಬಿಟ್ಟುಕೊಡಬೇಕು. ಕೂತವಳ ಮಡಿಲಿಗೆ ಮೆಂತೆ ಕಟ್ಟು ಬೀಳುತ್ತಿತ್ತು. ಅವಳು ಎಲೆ ಬಿಡಿಸುತ್ತ ಹೋದಂತೆ ನಿಂತವಳು ಚೀಲದ ಬಾಯಿ ಅಗಲಿಸಿ ಹಿಡಿಯುತ್ತಿದ್ದಳು. ಮುಲುಂಡ್ ಬರುವಷ್ಟರಲ್ಲಿ ಎರಡು ಮನೆಯ ಪಲ್ಯ ತಯಾರು. ನಾನು ಮತ್ತು ಸುಮಾ ಚಾಳಿನ ಮೆಟ್ಟಿಲ ಮೇಲೆ ಕಾದು ಕೂತು ಆ ಚೀಲಕ್ಕಾಗಿ ಜಗಳಾಡುತ್ತಿದ್ದೆವು. ಕೈ ಹಾಕಿದರೆ ಒಳಗೆ ತಂಪು, ಒದ್ದೆ. ಒಂದೊಂದು ಸಲ ಟ್ರೇನಿನ ಟಿಕೆಟೋ ಯಾರದೋ ಬಳೆಯ ಚೂರೋ ಸಿಗುತ್ತಿತ್ತು.

ನನಗೆ ಹತ್ತು ವರ್ಷವಾಗಿದ್ದಾಗ ಒಂದು ಸಂಜೆ ಆ ಲೋಕಲಿನಲ್ಲಿ ಬಾಂಬು ಸಿಡಿಯಿತು. ಇಟ್ಟವರು ಯಾರು, ಯಾಕೆ ಎಂಬುದರ ಬಗ್ಗೆ ಬಹಳ ಬರೆದಿದ್ದಾರೆ; ನಾನು ಕಂಡದ್ದನ್ನಷ್ಟೇ ಹೇಳುತ್ತೇನೆ. ನಾವು ಮೆಟ್ಟಿಲ ಮೇಲಿದ್ದೆವು. ದೀಪ ಹಚ್ಚಿದರೂ ಅವರು ಬರಲಿಲ್ಲ. ಗ್ಯಾಲರಿಯಲ್ಲಿ ಹೆಂಗಸರು ಪಿಸುಗುಟ್ಟುತ್ತ, ನಮ್ಮನ್ನು ಕಂಡೊಡನೆ ಸುಮ್ಮನಾಗುತ್ತಿದ್ದರು. ಆಮೇಲೆ ಅವ್ವ ಗಲ್ಲಿಯ ತಿರುವಿನಲ್ಲಿ ಕಾಣಿಸಿದಳು. ಒಂದೇ ಕಾಲಲ್ಲಿ ಚಪ್ಪಲಿ. ಕೂದಲಲ್ಲಿ ಗಾಜಿನ ಪುಡಿ. ಸುಮಾ ಓಡಿಹೋಗಿ ಅವಳ ಸೀರೆ ಹಿಡಿದು, “ಅವ್ವ, ಅಮ್ಮ ಎಲ್ಲಿ?” ಅಂದಳು. ಅವ್ವನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಸುಮಾಳ ತುಟಿಗಳನ್ನೇ ನೋಡುತ್ತ ನಿಂತಳು. ತುಟಿ ನೋಡಿ ಪ್ರಶ್ನೆ ಅರ್ಥವಾಗಿತ್ತೆಂದು ನನಗೆ ಆಗಲೇ ಗೊತ್ತಾಗಿತ್ತು.

ತಿಂಗಳೊಳಗೆ ಸುಮಾಳನ್ನು ಮಲಾಡಿನಲ್ಲಿದ್ದ ಅವಳ ಚಿಕ್ಕಮ್ಮ ಕರೆದುಕೊಂಡು ಹೋದರು. ಪಕ್ಕದ ಖೋಲಿಗೆ ಬೇರೆಯವರು ಬಂದರು, ಒಳ್ಳೆಯ ಜನವೇ. ಬೆಳಿಗ್ಗೆ ರೊಟ್ಟಿ ಬಡಿಯುವಾಗ ಗೋಡೆಯಾಚೆಯಿಂದ ಯಾವ ಮಾತೂ ಬರುತ್ತಿರಲಿಲ್ಲ. ಅವ್ವ ಕೆಲವು ದಿನ ನಡುವೆ ಕೈ ತಡೆದು ಕಾಯುತ್ತಿದ್ದಳು. ಆಮೇಲೆ ಲಟ್ಟಣಿಗೆ ತಂದು ಚಪಾತಿ ಮಾಡತೊಡಗಿದಳು. ಗಲ್ಲಿಯ ಜನ ಸೇರಿ ಚಾಳಿನ ಗೇಟಿನ ಪಕ್ಕದಲ್ಲಿ ಆ ಸ್ಫೋಟದಲ್ಲಿ ಸತ್ತ ನಮ್ಮ ಗಲ್ಲಿಯವರಿಗಾಗಿ ಒಂದು ಕಪ್ಪುಕಲ್ಲು ನಿಲ್ಲಿಸಿದರು. ಎರಡನೆಯ ಹೆಸರು ವತ್ಸಲಮ್ಮನದು. ಚಾಳು ಹೋಗಿ ನಾವು ಈಗಿರುವ ಹದಿನಾಲ್ಕು ಅಂತಸ್ತಿನ ಬಿಲ್ಡಿಂಗ್ ಎದ್ದಾಗ ಆ ಕಲ್ಲನ್ನು ಜೋಪಾನವಾಗಿ ಕಿತ್ತು, ಹೊಸ ಗೇಟಿನ ಒಳಗೆ, ವಾಚ್‌ಮನ್ನನ ಕ್ಯಾಬಿನ್ನಿನ ಬದಿಗೆ ನಿಲ್ಲಿಸಿದ್ದಾರೆ. ವರ್ಷಕ್ಕೊಮ್ಮೆ ಆ ದಿನ ಬೆಳಿಗ್ಗೆ ಸತ್ತವರ ಮನೆಯವರು ಬಂದು ಹೂವಿಟ್ಟು, ಎರಡು ನಿಮಿಷ ನಿಂತು, ಕೆಲಸಕ್ಕೆ ಓಡುತ್ತಾರೆ. ಮಲಾಡಿನಿಂದ ಸುಮಾ ಬರುತ್ತಾಳೆ. ಅವ್ವ ಮಾತ್ರ ಒಮ್ಮೆಯೂ ಇಳಿದು ಹೋದವಳಲ್ಲ. ನನ್ನ ಕೈಗೆ ಹೂವು ಕೊಟ್ಟು ಕಿಟಕಿಯಲ್ಲಿ ನಿಲ್ಲುತ್ತಿದ್ದಳು. ಸುಮಾ ತಲೆ ಎತ್ತಿದರೆ ಹಿಂದೆ ಸರಿಯುತ್ತಿದ್ದಳು. ಅವ್ವ ಯಾಕೆ ಬರಲಿಲ್ಲವೆಂದು ಸುಮಾ ನನ್ನನ್ನು ಕೇಳುವುದನ್ನೂ ಬಿಟ್ಟಿದ್ದಳು.

ಕಳೆದ ವರ್ಷ ಒಂದು ಮಧ್ಯಾಹ್ನ ದಾದರಿನಿಂದ ಅವ್ವ ಮತ್ತು ನಾನು ವಾಪಸು ಬರುತ್ತಿದ್ದೆವು. ಡಬ್ಬಿ ಖಾಲಿ. ಅವ್ವ ಎಂದಿನಂತೆ ಕಂಬ ಹಿಡಿದು ನಿಂತಳು. ಅಷ್ಟು ವರ್ಷಗಳಲ್ಲಿ ಅವಳು ಲೋಕಲಿನಲ್ಲಿ ಕೂತದ್ದನ್ನು ನಾನು ನೋಡಿರಲಿಲ್ಲ, ಭಯ ಅಂದುಕೊಂಡಿದ್ದೆ. “ಮಂಡಿ ನೋವು ಅಂತೀ, ಕೂಡಬೇ,” ಅಂತ ಗದರಿದೆ. ಆಗ ಹೇಳಿದಳು. ಬಾಂಬು ಸಿಡಿದ ದಿನ ವಿಟಿಯಲ್ಲಿ ಸೀಟು ಹಿಡಿದದ್ದು ವತ್ಸಲಮ್ಮ ಅಲ್ಲ, ತಾನು. ವತ್ಸಲಮ್ಮನಿಗೆ ಉಪವಾಸ, ಮುಖ ಬಾಡಿತ್ತು. ಕುರ್ಲಾದಲ್ಲೇ ಅವ್ವ ಎದ್ದಳು. “ಘಾಟ್ಕೋಪರ್ ಬರ್ಲಿ, ನಿನ್ನ ಪಾಲಿನದ್ದು ನನಗೆ ಬೇಡ,” ಎಂದು ವತ್ಸಲಮ್ಮ ಒಪ್ಪಲಿಲ್ಲ. ಅವ್ವ ಕೈ ಹಿಡಿದು ಎಳೆದು ಕೂಡ್ರಿಸಿ, ಗಾಳಿಗೆಂದು ಬಾಗಿಲ ಹತ್ತಿರ ಹೋದಳು. ರೈಲು ಘಾಟ್ಕೋಪರ್ ಮುಟ್ಟಲಿಲ್ಲ. ಸೀಟು ಮೊದಲಿನಿಂದಲೂ ವತ್ಸಲಮ್ಮನದೇ ಇತ್ತೆಂದು ಎಲ್ಲರೂ ತಾವಾಗಿಯೇ ತಿಳಿದರು. ಅವ್ವ ಅಲ್ಲವೆನ್ನಲಿಲ್ಲ.

“ಸುಮಾಗ ಹೇಳು,” ಅಂದೆ.

“ಹೇಳಿದ್ರ ಆಕಿ ನನ್ನ ಅವ್ವ ಅನ್ನೂದು ಬಿಡ್ತಾಳ,” ಅಂದಳು. ಅವ್ವ ಅನ್ನುವುದಕ್ಕೆ ಸುಮಾ ಅವಳೆದುರು ಬಂದು ಎಷ್ಟು ವರ್ಷಗಳಾಗಿದ್ದವೆಂದು ನಾನು ಹೇಳಲಿಲ್ಲ.

ಈ ವರ್ಷ ಆ ದಿನ ಅವ್ವ ಬೆಳಿಗ್ಗೆಯೇ ಮಿಂದು, ಹೂವನ್ನು ತಾನೇ ಹಿಡಿದು, ಲಿಫ್ಟಿನ ಮುಂದೆ ನಿಂತಿದ್ದಳು. ಕೆಳಗೆ ಸುಮಾ ಕಲ್ಲನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಅಕ್ಷರಗಳ ಸಂದಿನ ಧೂಳನ್ನು ಉಗುರಿನಿಂದ ತೆಗೆಯುತ್ತಿದ್ದಳು. ಅವ್ವನನ್ನು ಕಂಡು ಮೊದಲು ಗುರುತೇ ಸಿಗಲಿಲ್ಲ. ಆಮೇಲೆ ಬಾಗಿ ಕಾಲು ಮುಟ್ಟಲು ಬಂದಳು. ಅವ್ವ ಹಿಂದೆ ಸರಿದಳು. “ಮೊದ್ಲು ಕೇಳು, ಆಮ್ಯಾಲೆ ಮುಟ್ಟು,” ಅಂದಳು. ನಿಂತಲ್ಲೇ, ವಾಚ್‌ಮನ್ ಕೇಳುತ್ತಿರುವಂತೆಯೇ, ಎಲ್ಲವನ್ನೂ ಹೇಳಿದಳು. ಕುರ್ಲಾ ಎಂಬ ಹೆಸರನ್ನು ಎರಡು ಸಲ ಹೇಳಿದಳು. ಎಳೆದು ಕೂಡ್ರಿಸಿದೆ ಅನ್ನುವಾಗ ಅವಳ ಕೈ ತಾನಾಗಿ ಎಳೆದು ತೋರಿಸಿತು. ಸುಮಾಳ ಕನ್ನಡ ಈಗ ತಡವರಿಸುತ್ತದೆ. ಮನೆಯಲ್ಲಿ ಹಿಂದಿ, ಆಫೀಸಿನಲ್ಲಿ ಇಂಗ್ಲಿಷ್. “ಇಷ್ಟು ವರ್ಷ... ಮೈ ತೋ... ನಂಗೆ ಯಾರೂ ಹೇಳ್ಳಿಲ್ಲ,” ಅಂದಳು. ಬಟ್ಟೆಯನ್ನು ಹಿಂಡಿ, ಮಡಿಸಿ, ಬ್ಯಾಗಿಗೆ ಹಾಕಿಕೊಂಡಳು. ಕಾಲು ಮುಟ್ಟಲಿಲ್ಲ. ಗೇಟಿನಾಚೆ ರಿಕ್ಷಾ ಹತ್ತಿ ಹೊರಟುಹೋದಳು. ಅವ್ವ ಹೂವನ್ನು ಕಲ್ಲಿನ ಬುಡದಲ್ಲಿಟ್ಟು ಮೊದಲ ಬಾರಿಗೆ ಆ ಹೆಸರನ್ನು ಮುಟ್ಟಿದಳು. “ಹೋತು,” ಅಂದಳು.

ಎಂಟು ದಿನ ಕಳೆದವು. ಒಂಬತ್ತನೆಯ ಸಂಜೆ ನನ್ನ ಫೋನಿಗೆ ಸುಮಾಳ ಕರೆ ಬಂತು. ಹೇಗಿದ್ದೀ ಎಂದೂ ಕೇಳದೆ, ಅವರಿಗೆ ಕೊಡು ಅಂದಳು. ಅವ್ವನ ಕಿವಿ ಅಂದಿನಿಂದ ಮಂದ. ಸ್ಪೀಕರ್ ಹಾಕಿ ಮುಂದೆ ಹಿಡಿದೆ.

“ಅವತ್ತು ಅಮ್ಮ ಯಾವ ಸೀರೆ ಉಟ್ಟಿದ್ದಳು?”

ಅವ್ವ ಕಣ್ಣು ಮುಚ್ಚಿದಳು. “ಗಿಳಿಹಸಿರು. ನೈಲೆಕ್ಸು. ಸೆರಗಿನ್ಯಾಗ ಸಣ್ಣ ಬಿಳೀ ಹೂವು. ಎಡಕ್ಕ, ಕೆಳಗ, ಒಂದು ಹೊಲಿಗಿ ಇತ್ತು. ನಾನ ಹಾಕಿ ಕೊಟ್ಟಿದ್ದೆ.”

“ಕೂತ ಮೇಲೆ ಏನಾದ್ರೂ ಹೇಳಿದ್ಲಾ?”

“ಬೈದ್ಲು. ‘ನಿಂಗೆ ಹಠ ಜಾಸ್ತಿ ಮಾರಾಯ್ತಿ’ ಅಂದ್ಲು. ಆಮ್ಯಾಲೆ ಚಪ್ಪಲಿ ಬಿಚ್ಚಿ, ಎರಡೂ ಕಾಲು ಮುಂದ ಚಾಚಿ, ಹಾಯ್ ಅಂತ ಉಸಿರು ಬಿಟ್ಲು. ನಗಾಕತ್ತಿದ್ಲು.”

ಆ ಕಡೆ ಸುಮಾ ಅಳುತ್ತಿದ್ದಳೋ ಏನೋ, ರಸ್ತೆಯ ಹಾರನ್ನುಗಳ ನಡುವೆ ನನಗೆ ತಿಳಿಯಲಿಲ್ಲ. ನಾನು ಕರೆ ಮುಗಿಯಿತೆಂದುಕೊಂಡು ಕೈ ಚಾಚಿದೆ. ಅವ್ವ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಎದೆಯ ಹತ್ತಿರ ಎಳೆದುಕೊಂಡಳು.

“ಬೆಳಿಗ್ಗೆಯಿಂದ ಹೇಳಿ,” ಅಂತ ಸುಮಾಳ ದನಿ ಬಂತು. “ಮನೆಯಿಂದ ಹೊರಟಾಗಿನಿಂದ. ನಿಧಾನ ಹೇಳಿ, ನಂಗೆ ಎಲ್ಲಾ ಬೇಕು.”

ಅವ್ವ ಗೋಡೆಗೆ ಒರಗಿ ಕೂತು, ಗಂಟಲು ಸರಿಮಾಡಿಕೊಂಡು, ಆ ಬೆಳಿಗ್ಗೆ ನಲ್ಲಿಯಲ್ಲಿ ನೀರು ತಡವಾಗಿ ಬಂದದ್ದರಿಂದ ಶುರುಮಾಡಿದಳು.